ಭಾನುವಾರ ಸಂಜೆ ಐದೂವರೆಯ ರೇಸ್: ಮನೆಯಲ್ಲೇ ಕೂತು ನೋಡುವ ಬಗೆ

2025ರ ಮಾರ್ಚ್ 2ರಂದು ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಆ ವರ್ಷದ ಮೊದಲ ಮೋಟೋಜಿಪಿ ರೇಸ್ ನಡೆಯಿತು. ಮಾರನೇ ದಿನ ಸರ್ವೀಸ್‌ಗೆ ಗಾಡಿ ಬಿಡಲು ಬೆಂಗಳೂರಿನ ಮೂಡಲಪಾಳ್ಯದ ನಮ್ಮ ಮಾಮೂಲಿ ಗ್ಯಾರೇಜ್‌ಗೆ ಹೋದರೆ, ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಸ್ಪ್ಯಾನರ್ ಕೆಳಗಿಟ್ಟು ಫೋನ್ ಮುಂದೆ ಹಿಡಿದ. ಹದಿನೈದು ಸೆಕೆಂಡಿನ ಕ್ಲಿಪ್. ಮುಂದೆ ಹೋಗುತ್ತಿದ್ದ ಮಾರ್ಕ್ ಮಾರ್ಕ್ವೆಜ್ ನೇರ ದಾರಿಯಲ್ಲಿ ವೇಗ ತಗ್ಗಿಸುತ್ತಾನೆ, ಹಿಂದಿದ್ದ ತಮ್ಮ ಅಲೆಕ್ಸ್ ದಾಟಿ ಹೋಗುತ್ತಾನೆ. "ನೋಡಿ ಅಂಕಲ್, ಬೇಕಂತಲೇ ತಮ್ಮನಿಗೆ ದಾರಿ ಬಿಟ್ಟಿದಾನೆ. ಮ್ಯಾಚ್ ಫಿಕ್ಸಿಂಗ್ ಥರ ಇದು ರೇಸ್ ಫಿಕ್ಸಿಂಗ್ ಅಲ್ವಾ?" ಅಂದ.

ಅವನದು ತಪ್ಪಲ್ಲ. ಅವನಿಗೆ ಸಿಕ್ಕಿದ್ದೇ ಆ ಹದಿನೈದು ಸೆಕೆಂಡು. ಇಪ್ಪತ್ತಾರು ಲ್ಯಾಪ್‌ನ ರೇಸನ್ನು ಪೂರ್ತಿ ನೋಡಿದ್ದವರಿಗೆ ಅಲ್ಲಿ ನಡೆದದ್ದು ಬೇರೆಯೇ ಎಂದು ಗೊತ್ತಿತ್ತು. ಮೋಟೋಜಿಪಿಯಲ್ಲಿ ಮುಂದಿನ ಟಯರಿನ ಗಾಳಿಗೆ ಒಂದು ಕನಿಷ್ಠ ಮಿತಿ ಇದೆ, 1.8 ಬಾರ್. ನಮ್ಮ ಪೆಟ್ರೋಲ್ ಬಂಕಿನ ಲೆಕ್ಕದಲ್ಲಿ ಸುಮಾರು 26. ಭಾನುವಾರದ ರೇಸ್‌ನಲ್ಲಿ ಶೇ 60ರಷ್ಟು ಲ್ಯಾಪ್‌ಗಳಲ್ಲಿ ಗಾಳಿ ಅದಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ರೇಸ್ ಮುಗಿದ ಮೇಲೆ ಸವಾರನ ಸಮಯಕ್ಕೆ 16 ಸೆಕೆಂಡು ಸೇರಿಸುತ್ತಾರೆ; ಗೆದ್ದವನು ಎಲ್ಲೋ ಹಿಂದೆ ಬೀಳುತ್ತಾನೆ. ಒಬ್ಬನೇ ಮುಂದೆ ಹೋಗುವವನ ಟಯರಿಗೆ ತಣ್ಣನೆ ಗಾಳಿ ಬಡಿದು ಒತ್ತಡ ಇಳಿಯುತ್ತದೆ. ಇನ್ನೊಂದು ಗಾಡಿಯ ಹಿಂದೆ ಅಂಟಿಕೊಂಡು ಹೋದರೆ ಆ ಗಾಡಿಯ ಬಿಸಿಗೆ ಟಯರ್ ಕಾದು ಒತ್ತಡ ಏರುತ್ತದೆ. ಒತ್ತಡ ಕಡಿಮೆಯಾಗುತ್ತಿದೆ ಎಂದು ಗೊತ್ತಾದ ಕೂಡಲೇ ಮಾರ್ಕ್ವೆಜ್ ಏಳನೇ ಲ್ಯಾಪ್‌ನಲ್ಲಿ ತಮ್ಮನನ್ನು ಮುಂದೆ ಬಿಟ್ಟು, ಅವನ ಬೆನ್ನಿಗೇ ಇದ್ದು, ಬೇಕಾದಷ್ಟು ಲ್ಯಾಪ್ ಲೆಕ್ಕ ಹಾಕಿಕೊಂಡು, ಇನ್ನು ಮೂರೇ ಉಳಿದಿವೆ ಎನ್ನುವಾಗ ದಾಟಿ ಗೆದ್ದ. ಇದನ್ನು ಹೇಳುತ್ತಿದ್ದಂತೆ ಗ್ಯಾರೇಜಿನ ಅಣ್ಣನೇ ಮಾತು ತೆಗೆದುಕೊಂಡ: "ಅದಕ್ಕೇ ನಾನು ಬೈಯೋದು, ದೂರದಿಂದ ಓಡಿಸ್ಕೊಂಡು ಬಂದ ಬಿಸಿ ಟಯರಿಗೆ ಗಾಳಿ ಚೆಕ್ ಮಾಡಬ್ಯಾಡ ಅಂತ. ಜಾಸ್ತಿ ತೋರಿಸುತ್ತೆ." ಹುಡುಗನಿಗೆ ಆಗ ಅರ್ಥವಾಯಿತು.

ಬೈಕ್ ರೇಸ್ ನೋಡುವುದು ಎಂದರೆ ಪೂರ್ತಿ ನೋಡುವುದು. ಬಿದ್ದವರ ಕ್ಲಿಪ್ಪು, ದಾಟಿದವರ ಕ್ಲಿಪ್ಪು ನೋಡಿದರೆ ರೇಸ್ ನೋಡಿದ ಹಾಗಲ್ಲ. ಟ್ರ್ಯಾಕ್‌ಗೆ ಹೋಗಿ ನೋಡುವ ಭಾಗ್ಯ ನಮಗೆ ಅಪರೂಪ. ಮೋಟೋಜಿಪಿ ಭಾರತಕ್ಕೆ ಬಂದದ್ದು ಒಂದೇ ಸಲ, 2023ರ ಸೆಪ್ಟೆಂಬರ್‌ನಲ್ಲಿ, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗೆ. ಸೆಕೆಗೆ ಸವಾರರು ಬಳಲುತ್ತಾರೆಂದು 24 ಲ್ಯಾಪ್‌ನ ರೇಸನ್ನು 21ಕ್ಕೆ ಇಳಿಸಿದ್ದರು, ಮಾರ್ಕೊ ಬೆಜೆಕ್ಕಿ ಗೆದ್ದ. ಮರುವರ್ಷವೂ ಪಟ್ಟಿಯಲ್ಲಿತ್ತು, ನಡೆಯಲಿಲ್ಲ. ಹಾಗಾಗಿ ನಮ್ಮ ಪಾಲಿಗೆ ಗ್ಯಾಲರಿ ಎಂದರೆ ಮನೆಯ ಹಾಲೇ. ಅದನ್ನು ಸರಿಯಾಗಿ ಅಣಿ ಮಾಡಿಕೊಳ್ಳುವ ಬಗೆಯನ್ನು, ವರ್ಷಗಟ್ಟಲೆ ನೋಡಿ ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಯಾವ ಆ್ಯಪ್, ಯಾವ ಚಾನೆಲ್

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಉತ್ತರ ಮಾತ್ರ ಪ್ರತಿ ವರ್ಷ ಬದಲಾಗುತ್ತದೆ. ಮೋಟೋಜಿಪಿಯ ಪ್ರಸಾರದ ಹಕ್ಕು ನಮ್ಮಲ್ಲಿ ಒಬ್ಬರ ಕೈಯಲ್ಲಿ ನಿಂತದ್ದಿಲ್ಲ. ಕೆಲವು ವರ್ಷ ಯೂರೋಸ್ಪೋರ್ಟ್‌ನಲ್ಲಿ ಬಂತು, 2023ರಲ್ಲಿ ಸ್ಪೋರ್ಟ್ಸ್18 ಮತ್ತು ಜಿಯೋಸಿನೆಮಾದಲ್ಲಿ ಬಂತು. ಆ ಜಿಯೋಸಿನೆಮಾ ಎಂಬ ಆ್ಯಪೇ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಒಳಗೆ ಸೇರಿಹೋಯಿತು. ಹೋದ ವರ್ಷ ಎಲ್ಲಿ ನೋಡಿದ್ದೆವೋ ಅಲ್ಲೇ ಈ ವರ್ಷವೂ ಬರುತ್ತದೆಂದು ವರ್ಷದ ಚಂದಾ ಕಟ್ಟಿ ಕೈಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಆದ್ದರಿಂದ ಸೀಸನ್ ಶುರುವಾಗುವ ವಾರ ಮೋಟೋಜಿಪಿಯ ಅಧಿಕೃತ ಜಾಲತಾಣಕ್ಕೆ ಹೋಗಿ, ದೇಶವಾರು ಪ್ರಸಾರಕರ ಪಟ್ಟಿಯಲ್ಲಿ ಭಾರತದ ಮುಂದೆ ಯಾರ ಹೆಸರಿದೆ ನೋಡಿ. ಆಮೇಲೆ ಆ ಆ್ಯಪ್‌ನ ಪ್ಯಾಕ್‌ಗಳನ್ನು ನೋಡಿ. ಹಣ ಕಟ್ಟುವ ಮೊದಲು ನಾಲ್ಕು ವಿಷಯ ಖಚಿತಪಡಿಸಿಕೊಳ್ಳಿ. ಶನಿವಾರದ ಸ್ಪ್ರಿಂಟ್ ಎಂಬ ಚಿಕ್ಕ ರೇಸ್ ಇದೆಯೋ, ಭಾನುವಾರದ್ದು ಮಾತ್ರವೋ? ಕೆಳಗಿನ ತರಗತಿಗಳಾದ ಮೋಟೋ2, ಮೋಟೋ3 ಇವೆಯೋ? ಟಿವಿಯಲ್ಲಿ ಹಾಕಿಕೊಳ್ಳಬಹುದೋ, ಫೋನಿಗೆ ಮಾತ್ರ ಸೀಮಿತವಾದ ಪ್ಯಾಕೋ? ರೇಸ್ ಮುಗಿದ ಮೇಲೆ ಪೂರ್ತಿ ಮರುಪ್ರಸಾರ ಎಷ್ಟು ದಿನ ಉಳಿಸುತ್ತಾರೆ? ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅಮೆರಿಕದ ರೇಸ್ ಬಂದಾಗ ಅದೇ ಮುಖ್ಯವಾಗುತ್ತದೆ. ಟಿವಿ ಚಾನೆಲ್‌ನಲ್ಲಿ ಬರುವುದಾದರೆ ಕೇಬಲ್‌ನವರಿಗೋ ಡಿಟಿಎಚ್‌ನವರಿಗೋ ಹೇಳಿ ಆ ಒಂದೇ ಚಾನೆಲ್ ಹಾಕಿಸಿಕೊಳ್ಳಬಹುದು. ದೊಡ್ಡ ಕ್ರೀಡಾ ಪ್ಯಾಕ್ ತೆಗೆದುಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಎರಡನೇ ದಾರಿ ಮೋಟೋಜಿಪಿಯವರದೇ ಆದ ವಿಡಿಯೋಪಾಸ್. ಇದು ದುಬಾರಿ, ಬೆಲೆ ಯೂರೋ ಲೆಕ್ಕದಲ್ಲಿದೆ. ಆದರೆ ಶುಕ್ರವಾರದ ಅಭ್ಯಾಸದಿಂದ ಹಿಡಿದು ಎಲ್ಲವೂ ನೇರ ಪ್ರಸಾರ, ಸವಾರನ ಗಾಡಿಯ ಮೇಲಿನ ಕ್ಯಾಮೆರಾವನ್ನು ನಾವೇ ಆರಿಸಿಕೊಂಡು ನೋಡುವ ಅನುಕೂಲ, ಜೊತೆಗೆ 1992ರಿಂದ ಈಚಿನ ರೇಸ್‌ಗಳ ಭಂಡಾರ. ನಾಲ್ಕು ಮನೆಯ ಹುಡುಗರು ಒಂದೇ ಕಡೆ ಕೂತು ನೋಡುವುದಾದರೆ ಖರ್ಚು ಹಂಚಿಹೋಗುತ್ತದೆ. ಇದಕ್ಕೆ ಹಣ ಕಟ್ಟುವಾಗ ನಮ್ಮವರು ಸಿಕ್ಕಿಬೀಳುವುದು ಒಂದು ಕಡೆ: ಕಾರ್ಡ್ ನಿರಾಕರಿಸಲಾಗಿದೆ ಎಂದು ಬರುತ್ತದೆ. ಕಾರ್ಡ್ ಕೆಟ್ಟಿರುವುದಿಲ್ಲ. 2020ರಿಂದ ಈಚೆಗೆ ಕೊಟ್ಟ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿಯೇ ಇರುತ್ತದೆ. ಬ್ಯಾಂಕ್ ಆ್ಯಪ್‌ನ ಕಾರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿ ಹಾಕಿ, ಕಟ್ಟಿ ಆದ ಮೇಲೆ ಮತ್ತೆ ಆಫ್ ಮಾಡಿಬಿಡಿ. ಚಂದಾ ತಾನಾಗಿಯೇ ನವೀಕರಣವಾಗುವುದನ್ನೂ ಅಂದೇ ನಿಲ್ಲಿಸಿ.

ಮೂರನೇ ದಾರಿಯೊಂದಿದೆ, ಟೆಲಿಗ್ರಾಮ್‌ನಲ್ಲಿ ಹರಿದಾಡುವ ಕದ್ದ ಲಿಂಕ್‌ಗಳು. ಹುಡುಗರು ಅದನ್ನು ದೊಡ್ಡ ಜಾಣತನ ಎಂದುಕೊಂಡಿದ್ದಾರೆ. ಅಲ್ಲಿ ರೇಸ್‌ಗಿಂತ ಹೆಚ್ಚು ಕಾಣುವುದು ಬೆಟ್ಟಿಂಗ್ ಜಾಹೀರಾತು. ಅಪ್ಪನ ಫೋನಿನಲ್ಲಿ, ಅದೇ ಫೋನಿನಲ್ಲಿ ಯುಪಿಐ ಇಟ್ಟುಕೊಂಡು, ಅಂಥ ಪುಟ ತೆರೆಯುವುದು ಮನೆ ಬಾಗಿಲು ಹಾರುಹೊಡೆದು ಮಲಗಿದ ಹಾಗೆ. ದುಡ್ಡು ಕಟ್ಟಲಾಗದಿದ್ದರೆ ಅದಕ್ಕಿಂತ ಒಳ್ಳೆಯ ಉಪಾಯವಿದೆ. ಮೋಟೋಜಿಪಿಯ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಪ್ರತಿ ರೇಸ್‌ನ ಸಾರಾಂಶವೂ ಹಳೆಯ ಕೆಲವು ರೇಸ್‌ಗಳು ಪೂರ್ತಿಯಾಗಿಯೂ ಸಿಗುತ್ತವೆ. ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಷಿಪ್‌ನವರು ತಮ್ಮ ರೇಸ್‌ಗಳನ್ನು ಯೂಟ್ಯೂಬ್‌ನಲ್ಲೇ ನೇರವಾಗಿ ಬಿಡುತ್ತ ಬಂದಿದ್ದಾರೆ. ಅದರಲ್ಲಿ ಹೊಂಡಾ ತಂಡದ ಭಾರತೀಯ ಹುಡುಗರು ಓಡಿದ್ದಾರೆ. 2022ರಿಂದ ಅದರ ಜೊತೆಗೇ ಅಪಾಚೆ ಆರ್‌ಆರ್ 310 ಗಾಡಿಗಳದ್ದೇ ಒಂದು ರೇಸ್ ನಡೆಯುತ್ತಿದೆ. ಇಲ್ಲಿಂದ ಒಂದೆರಡು ಗಂಟೆ ದೂರದ ಹೊಸೂರಿನ ಕಂಪನಿಯ ಗಾಡಿ ಮಲೇಷ್ಯಾದ ಸೆಪಾಂಗ್ ಟ್ರ್ಯಾಕ್‌ನಲ್ಲಿ ಮಲಗಿ ತಿರುಗುವುದನ್ನು ಬಿಟ್ಟಿಯಾಗಿ ನೋಡಬಹುದು ಎಂದು ನಮ್ಮ ಎಷ್ಟು ಹುಡುಗರಿಗೆ ಗೊತ್ತು?

ಕರೆಂಟು, ನೆಟ್ಟು, ಟಿವಿ

2024ರ ನವೆಂಬರ್ 17. ವೆಲೆನ್ಸಿಯಾದ ಭೀಕರ ಪ್ರವಾಹದಿಂದಾಗಿ ಕೊನೆಯ ರೇಸನ್ನು ಬಾರ್ಸಿಲೋನಾಕ್ಕೆ ಬದಲಾಯಿಸಿದ್ದರು. ಚಾಂಪಿಯನ್ ಯಾರೆಂದು ಅಂದೇ ತೀರ್ಮಾನ. ಆರೂವರೆಗೆ ರೇಸ್ ಶುರು, ಹಾಲಿನಲ್ಲಿ ಒಂಬತ್ತು ಜನ, ಆರು ಐವತ್ತರ ಹೊತ್ತಿಗೆ ಬೀದಿಯ ಕರೆಂಟು ಹೋಯಿತು. ಉಳಿದ ಲ್ಯಾಪ್‌ಗಳನ್ನು ಒಂದು ಫೋನಿನ ಮೇಲೆ ಒಂಬತ್ತು ತಲೆ ಬಗ್ಗಿಸಿ, ಚಿತ್ರ ನಿಂತು ನಿಂತು ಬರುವಾಗ ನೋಡಿದೆವು. ಆ ಸಂಜೆ ಕಲಿತದ್ದು ಇದು.

ಮನೆಯ ಯುಪಿಎಸ್‌ನಲ್ಲಿ ಟಿವಿ ಓಡಿದರೆ ಸಾಲದು, ನೆಟ್ಟಿನ ಪೆಟ್ಟಿಗೆಗೂ ಆಸರೆ ಬೇಕು. ರೂಟರ್‌ಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ. ಕೊಳ್ಳುವ ಮೊದಲು ನಿಮ್ಮ ರೂಟರ್ ಅಡಾಪ್ಟರಿನ ಹಿಂಬದಿ ಓದಿ: ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆಂಪಿಯರ್ ಎಷ್ಟೆಂದು ಬರೆದುಕೊಳ್ಳಿ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ ಇದ್ದರೆ ಎರಡಕ್ಕೂ ಬೇಕು. ಇಷ್ಟು ಮಾಡಿಯೂ ನೆಟ್ಟು ಹೋಗಬಹುದು. ಬೀದಿಯ ಕಂಬದಲ್ಲೋ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೋ ಇರುವ ನೆಟ್ಟಿನವರ ಸ್ವಿಚ್‌ಗೇ ಬ್ಯಾಟರಿ ಇಲ್ಲದಿದ್ದರೆ ನಮ್ಮ ಯುಪಿಎಸ್‌ನಿಂದ ಪ್ರಯೋಜನವಿಲ್ಲ. ಲೈನ್ ನೋಡಲು ಬರುವ ಹುಡುಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಕೊನೆಯ ಆಸರೆಗೆ ಇನ್ನೊಂದು ಕಂಪನಿಯ ಸಿಮ್ ಇರುವ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಬಡಾವಣೆಯ ಕರೆಂಟು ಪೂರ್ತಿ ಹೋದಾಗ ಎಲ್ಲರೂ ಒಂದೇ ಟವರಿಗೆ ಮುಗಿಬೀಳುತ್ತಾರೆ.

ಮೊಬೈಲ್ ಡೇಟಾದಲ್ಲೇ ನೋಡುವವರಿಗೆ ಒಂದು ಲೆಕ್ಕ. ಫುಲ್ ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ಹೋಗುತ್ತದೆ. ಮುಖ್ಯ ರೇಸ್ ನಲವತ್ತು ನಲವತ್ತೈದು ನಿಮಿಷದ್ದು, ಹಿಂದುಮುಂದು ಸೇರಿ ಒಂದು ಗಂಟೆ. ದಿನಕ್ಕೆ ಒಂದೂವರೆ ಎರಡು ಜಿಬಿಯ ಪ್ಯಾಕ್‌ನವರು ಗುಣಮಟ್ಟವನ್ನು 720ಕ್ಕೆ ಇಳಿಸಿಕೊಂಡರೆ ಮುಖ್ಯ ರೇಸನ್ನು ಮುಗಿಸಬಹುದು. ಮೂರೂ ತರಗತಿ ನೋಡುವ ಆಸೆಯಿದ್ದರೆ ವೈಫೈ ಇರುವ ಗೆಳೆಯನ ಮನೆಗೆ ಹೋಗುವುದೇ ಸರಿ.

ಟಿವಿಯಲ್ಲಿ ಒಂದು ಸೆಟ್ಟಿಂಗ್ ತಪ್ಪದೆ ಬದಲಿಸಿ. ಚಲನೆಯನ್ನು ನುಣುಪು ಮಾಡುತ್ತೇವೆಂದು ಹೊಸ ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಒಂದು ಚಿತ್ರ ಸೃಷ್ಟಿಸಿ ತುರುಕುತ್ತವೆ. ಧಾರಾವಾಹಿಗೆ ನಡೆದೀತು. ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ ಹೋಗುವ ಗಾಡಿಯ ಚಕ್ರದ ಸುತ್ತ ಅದರಿಂದ ಕಲಸಿದಂತೆ ಕಾಣುತ್ತದೆ. ಚಿತ್ರದ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇನ್ನು ಸದ್ದು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ಮೇಲಿನ ಮನೆಯಲ್ಲಿ ಹಸುಗೂಸು ಇರುತ್ತದೆ, ಪಕ್ಕದಲ್ಲಿ ಪರೀಕ್ಷೆಗೆ ಓದುವ ಮಗು ಇರುತ್ತದೆ. ಎಂಜಿನ್ ಸದ್ದು ಪೂರ್ತಿ ಕೇಳಬೇಕೆಂಬ ಆಸೆ ನನಗೂ ಇದೆ, ಅದಕ್ಕೆ ಇಯರ್‌ಫೋನ್ ಇದೆ. ಕಾಮೆಂಟರಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಹಾಲಿನಲ್ಲಿ ಅದನ್ನು ಕಡಿಮೆ ಮಾಡಿ, ಕನ್ನಡದ್ದನ್ನು ಗ್ಯಾರೇಜಿನ ಅಣ್ಣನಿಗೆ ಬಿಟ್ಟಿದ್ದೇವೆ. ಯಾವ ಗಾಡಿಯ ಹಿಂಭಾಗ ಯಾಕೆ ಕುಣಿಯುತ್ತಿದೆ ಎಂದು ಅವನಷ್ಟು ಚೆನ್ನಾಗಿ ಹೇಳುವವರನ್ನು ನಾನು ಕಂಡಿಲ್ಲ.

ಎಷ್ಟೊತ್ತಿಗೆ?

ಯುರೋಪಿನ ರೇಸ್‌ಗಳು ನಮಗೆ ಹೇಳಿ ಮಾಡಿಸಿದ ಹೊತ್ತಿನಲ್ಲಿವೆ. ಅಲ್ಲಿ ಮಧ್ಯಾಹ್ನ ಎರಡು ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಐದೂವರೆ. ಊಟ ಮುಗಿಸಿ ಮೋಟೋ3 ನೋಡಲು ಕೂತರೆ ಎರಡೂವರೆಗೆ ಶುರು, ಮೂರೂ ಮುಕ್ಕಾಲರ ಹೊತ್ತಿಗೆ ಮೋಟೋ2, ಕಾಫಿ ಆದ ಮೇಲೆ ದೊಡ್ಡ ರೇಸ್. ಶನಿವಾರದ ಸ್ಪ್ರಿಂಟ್ ಆರೂವರೆಗೆ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ.

ಎಡವುವುದು ಎರಡು ಕಡೆ. ಮೊದಲನೆಯದು ಯುರೋಪಿನವರು ಗಡಿಯಾರ ತಿರುಗಿಸುವ ದಿನ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಹಾಗಾಗಿ ಸೀಸನ್ನಿನ ಕೊನೆಗೆ, ನವೆಂಬರಿನಲ್ಲಿ, ಐದೂವರೆಯ ರೇಸ್ ಆರೂವರೆಗೆ ಹೋಗುತ್ತದೆ. ಎರಡನೆಯದು ಅಮೆರಿಕದ ಆಸ್ಟಿನ್. ಅಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಎಂದರೆ ಇಲ್ಲಿ ಸೋಮವಾರ ಆಗಿಹೋಗಿರುತ್ತದೆ, ರಾತ್ರಿ ಹನ್ನೆರಡೂವರೆ. ಭಾನುವಾರದ ಕ್ಯಾಲೆಂಡರ್ ಚೌಕದಲ್ಲಿ ಬರೆದಿಟ್ಟು ಹಿಂದಿನ ರಾತ್ರಿಯೆಲ್ಲ ಎದ್ದು ಕಾದವರುಂಟು. ಕತಾರ್‌ನದು ದೀಪದ ಬೆಳಕಿನ ರೇಸ್, ಅಲ್ಲಿ ಎಂಟಕ್ಕೆ ಶುರುವಾದರೆ ನಮಗೆ ಹತ್ತೂವರೆ.

ಬೆಳಗಿನ, ಮಧ್ಯಾಹ್ನದ ರೇಸ್‌ಗಳೇ ನನಗೆ ಪ್ರಿಯ. ಜಪಾನಿನ ಮೊಟೆಗಿ ಹತ್ತೂವರೆಗೆ, ಮಲೇಷ್ಯಾ ಹನ್ನೆರಡೂವರೆಗೆ, ಥಾಯ್ಲೆಂಡ್ ಒಂದೂವರೆಗೆ. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಅಂತೂ ಎಂಟೂವರೆಗೆ, ತಿಂಡಿ ತಟ್ಟೆ ಕೈಯಲ್ಲಿ ಹಿಡಿದು ಸಮುದ್ರದ ದಂಡೆಯ ಆ ಟ್ರ್ಯಾಕನ್ನು ನೋಡಿದ ಭಾನುವಾರಗಳನ್ನು ಮರೆಯಲಾರೆ. ಇವೆಲ್ಲ ಸಾಮಾನ್ಯವಾಗಿ ಇರುವ ಹೊತ್ತು. ಮಳೆ, ಸೆಕೆ, ಬೇರೆ ಕಾರಣಕ್ಕೆ ಬದಲಾಗುವುದುಂಟು. ಅಧಿಕೃತ ಆ್ಯಪ್‌ನಲ್ಲಿ ವೇಳೆಯನ್ನು ನಿಮ್ಮ ಸ್ಥಳದ ಸಮಯಕ್ಕೆ ಹೊಂದಿಸಿಕೊಂಡರೆ ಕೂಡಿಸಿ ಕಳೆಯುವ ಕಷ್ಟವಿಲ್ಲ.

ರಾತ್ರಿಯ ರೇಸನ್ನು ಬೆಳಿಗ್ಗೆ ನೋಡುವವರು ಫಲಿತಾಂಶದಿಂದ ತಪ್ಪಿಸಿಕೊಳ್ಳುವುದೇ ದೊಡ್ಡ ಕೆಲಸ. ಯೂಟ್ಯೂಬ್ ತೆರೆಯಲೇಬೇಡಿ, ಮೊದಲ ಚಿತ್ರದಲ್ಲೇ ಗೆದ್ದವನು ಕೈ ಎತ್ತಿ ನಿಂತಿರುತ್ತಾನೆ. ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ. ಆ್ಯಪ್‌ನ ನೋಟಿಫಿಕೇಶನ್ ಶನಿವಾರವೇ ಬಂದ್ ಮಾಡಿ.

ಶನಿವಾರ ಬಿಡಬೇಡಿ

2023ರಿಂದ ಶನಿವಾರ ಅರ್ಧ ದೂರದ ಸ್ಪ್ರಿಂಟ್ ರೇಸ್ ಸೇರಿಕೊಂಡಿದೆ. ಗೆದ್ದವನಿಗೆ 12 ಅಂಕ, ಎರಡನೆಯವನಿಗೆ 9, ಮೂರನೆಯವನಿಗೆ 7, ಹೀಗೆ ಒಂಬತ್ತನೆಯವನವರೆಗೆ. ಭಾನುವಾರದ್ದು 25, 20, 16 ಎಂದು ಇಳಿದು ಹದಿನೈದನೆಯವನಿಗೆ ಒಂದು. ಶನಿವಾರವನ್ನು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 2024 ನೋಡಿ. ಫ್ರಾನ್ಸೆಸ್ಕೊ ಬಾಗ್ನಾಯಾ ಆ ವರ್ಷ 11 ಭಾನುವಾರ ಗೆದ್ದ, ಹೋರ್ಹೆ ಮಾರ್ಟಿನ್ ಗೆದ್ದದ್ದು ಮೂರೇ. ಚಾಂಪಿಯನ್ ಆದವನು ಮಾರ್ಟಿನ್, 508 ಅಂಕ. ಬಾಗ್ನಾಯಾನಿಗೆ 498. ಗೆಲ್ಲದಿದ್ದಾಗಲೂ ಎರಡನೆಯವನೋ ಮೂರನೆಯವನೋ ಆಗಿ, ಶನಿವಾರವೂ ಭಾನುವಾರವೂ ಅಂಕ ಕೂಡಿಹಾಕಿದವನ ವರ್ಷ ಅದು. ಭಾನುವಾರ ಮಾತ್ರ ನೋಡಿದವರಿಗೆ ಆ ಫಲಿತಾಂಶ ಒಗಟಾಗಿಯೇ ಉಳಿಯಿತು.

ಹೊಸದಾಗಿ ನೋಡುವವರಿಗೆ ನಾನು ಮೊದಲು ತೋರಿಸುವುದು ಟಯರಿನ ಪಟ್ಟಿ. ರೇಸ್ ಶುರುವಾಗುವ ಮುನ್ನ ಗ್ರಿಡ್‌ನಲ್ಲಿ ಕ್ಯಾಮೆರಾ ಸುತ್ತುವಾಗ ಗಮನಿಸಿ. ಮಿಷೆಲಿನ್ ಟಯರಿನ ಅಂಚಿನಲ್ಲಿ ಬಿಳಿ ಪಟ್ಟಿ ಇದ್ದರೆ ಮೆತ್ತನೆಯದು, ಹಳದಿ ಇದ್ದರೆ ಗಟ್ಟಿ, ಏನೂ ಇಲ್ಲದಿದ್ದರೆ ನಡುವಿನದು. ಮೆತ್ತನೆಯದು ಹಾಕಿದವನು ಮೊದಲ ಲ್ಯಾಪ್‌ಗಳಲ್ಲಿ ಹಾರಿಹೋಗುತ್ತಾನೆ, ಕೊನೆಗೆ ಹಿಂಬದಿ ಜಾರತೊಡಗುತ್ತದೆ. ಅವನ ಹಿಂದೆ ತಾಳ್ಮೆಯಿಂದ ಬರುತ್ತಿರುವ ಗಟ್ಟಿ ಟಯರಿನವನ ಮೇಲೆ ಕಣ್ಣಿಡಿ. (2027ರಿಂದ ಟಯರ್ ಪಿರೆಲ್ಲಿಯವರದು, ಎಂಜಿನ್ 1000 ಸಿಸಿಯಿಂದ 850ಕ್ಕೆ ಇಳಿಯುತ್ತದೆ. ಆಗ ಈ ಪಾಠವನ್ನು ಹೊಸದಾಗಿ ಕಲಿಯಬೇಕು.)

ಎರಡನೆಯದು ಪರದೆಯ ಎಡಕ್ಕಿರುವ ಹೆಸರುಗಳ ಸಾಲು. ಅಂತರ ಲ್ಯಾಪ್‌ನಿಂದ ಲ್ಯಾಪ್‌ಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕರಗುತ್ತಿದ್ದರೆ, ಟಿವಿಯಲ್ಲಿ ಏನೂ ನಡೆಯುತ್ತಿಲ್ಲ ಎನಿಸಿದರೂ ಐದು ಲ್ಯಾಪ್ ಬಿಟ್ಟು ಏನೋ ನಡೆಯುತ್ತದೆ ಎಂದು ಅರ್ಥ. ಆ್ಯಪ್‌ನ ಲೈವ್ ಟೈಮಿಂಗ್‌ನಲ್ಲಿ ಪ್ರತಿ ಲ್ಯಾಪನ್ನು ನಾಲ್ಕು ತುಂಡು ಮಾಡಿ ತೋರಿಸುತ್ತಾರೆ. ಕೆಂಪು ಎಂದರೆ ಎಲ್ಲರಿಗಿಂತ ವೇಗ, ಕಿತ್ತಳೆ ಎಂದರೆ ಆ ಸವಾರನ ಮಟ್ಟಿಗೆ ವೇಗ. ಅರ್ಹತಾ ಸುತ್ತಿಗೆ ಇದಕ್ಕಿಂತ ರೋಚಕವಾದದ್ದು ಇಲ್ಲ. ಆದರೆ ಒಂದು ಎಚ್ಚರಿಕೆ: ಇಂಟರ್ನೆಟ್ ಪ್ರಸಾರ ನಿಜದ ರೇಸ್‌ಗಿಂತ ಅರ್ಧ ನಿಮಿಷವಾದರೂ ಹಿಂದಿರುತ್ತದೆ. ಟೈಮಿಂಗ್ ಮುಂದೆ ಓಡುತ್ತಿರುತ್ತದೆ. ಕೊನೆಯ ಐದು ಲ್ಯಾಪ್‌ನಲ್ಲಿ ಫೋನನ್ನು ಮಗುಚಿಡಿ, ಇಲ್ಲದಿದ್ದರೆ ಯಾರು ಬಿದ್ದರು ಎಂದು ಮೊದಲೇ ಗೊತ್ತಾಗಿಬಿಡುತ್ತದೆ.

ಬಾವುಟಗಳಲ್ಲಿ ಹಳದಿ ಬಂದರೆ ಅಲ್ಲಿ ದಾಟುವಂತಿಲ್ಲ, ಕೆಂಪು ಬಂದರೆ ರೇಸ್ ನಿಂತಿತು, ಒಣ ರೇಸ್‌ನಲ್ಲಿ ಬಿಳಿ ಬಂದರೆ ಮಳೆ ಟಯರಿನ ಇನ್ನೊಂದು ಗಾಡಿಗೆ ಬದಲಾಯಿಸಲು ಅನುಮತಿ. ಉಳಿದವು ನೋಡುತ್ತ ನೋಡುತ್ತ ಬರುತ್ತವೆ.

ಹಿರಿಯರಿಗೆ ಬೇರೆ ಬಾಗಿಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ಕಟ್ಟಿತು. ಆ ಗಾಡಿಗಳನ್ನೋ ಆರ್‌ಎಕ್ಸ್ 100 ಅನ್ನೋ ಓಡಿಸಿ ಬೆಳೆದವರಿಗೆ ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು, ಆಯಿಲ್ ಹೊಗೆಯ ವಾಸನೆ ಮೈಯಲ್ಲೇ ಇರುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನ ದೊಡ್ಡ ತರಗತಿಯೂ 2001ರ ತನಕ 500 ಸಿಸಿ ಟೂ ಸ್ಟ್ರೋಕ್ ಗಾಡಿಗಳದ್ದೇ. ಎದುರುಮನೆಯ ನಿವೃತ್ತ ಮೇಷ್ಟ್ರು ಈಗಿನ ರೇಸ್ ನೋಡಿ "ಎಲ್ಲ ಒಂದೇ ಥರ ಕೇಳುತ್ತಪ್ಪ" ಎಂದು ಎದ್ದುಹೋಗುತ್ತಿದ್ದರು. ಒಂದು ದಿನ ತೊಂಬತ್ತರ ದಶಕದ ರೇಸ್ ಒಂದನ್ನು ಹಾಕಿ ಕೂರಿಸಿದೆ. ಕೆವಿನ್ ಶ್ವಾಂಟ್ಜ್, ಆಮೇಲೆ 1994ರಿಂದ ಸತತ ಐದು ಸಲ ಚಾಂಪಿಯನ್ ಆದ ಮಿಕ್ ಡೂಹನ್. ಗಾಡಿ ತಿರುವಿನಿಂದ ಹೊರಬರುವಾಗ ಆ ಸೀಳುವ ಸದ್ದು ಕೇಳುತ್ತಿದ್ದಂತೆ ಮೇಷ್ಟ್ರ ಬಲಗೈ ತಾನಾಗಿಯೇ ಆ್ಯಕ್ಸಿಲರೇಟರ್ ತಿರುವತೊಡಗಿತು. ಈಗ ಅವರೇ ಮೊದಲು ಬಂದು ಕುರ್ಚಿ ಹಿಡಿಯುತ್ತಾರೆ.

ನಮ್ಮವರ ಜಾಡು ಹಿಡಿದು

ಮೋಟೋಜಿಪಿ ಒಂದೇ ರೇಸ್ ಅಲ್ಲ. ರಸ್ತೆಗೆ ಬರುವ ಗಾಡಿಗಳ ಆಧಾರದ ಮೇಲೆ ನಡೆಯುವ ವರ್ಲ್ಡ್ ಸೂಪರ್‌ಬೈಕ್‌ನಲ್ಲಿ ವಾರಾಂತ್ಯಕ್ಕೆ ಮೂರು ರೇಸ್, ಶನಿವಾರ ಒಂದು, ಭಾನುವಾರ ಹತ್ತು ಲ್ಯಾಪ್‌ನ ಚಿಕ್ಕದೊಂದು, ಮತ್ತೆ ಪೂರ್ಣ ರೇಸ್ ಒಂದು. ಟರ್ಕಿಯ ತೊಪ್ರಾಕ್ ರಜ್ಗತ್‌ಲಿಯೊಗ್ಲು ಮುಂದಿನ ಚಕ್ರದ ಮೇಲೆ ಗಾಡಿ ನಿಲ್ಲಿಸಿ ಬ್ರೇಕ್ ಹಿಡಿಯುವುದನ್ನು ನೋಡಲಿಕ್ಕಾದರೂ 2021, 2024, 2025ರ ಅವನ ಗೆಲುವಿನ ವರ್ಷಗಳನ್ನು ಹುಡುಕಿ ನೋಡಿ.

ಐಲ್ ಆಫ್ ಮ್ಯಾನ್ ಟಿಟಿ ಬೇರೆಯದೇ ಲೋಕ. 1907ರಲ್ಲಿ ಶುರುವಾದದ್ದು, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ನಡೆಯುತ್ತದೆ. ಟಿಟಿ ಪ್ಲಸ್ ಎಂಬ ಅವರದೇ ಸೇವೆಯಲ್ಲಿ 2022ರಿಂದ ನೇರ ಪ್ರಸಾರವಿದೆ. ಒಂದು ಸುತ್ತು 60.7 ಕಿಲೋಮೀಟರ್, ಮೂಡಲಪಾಳ್ಯದಿಂದ ಹೆಚ್ಚುಕಡಿಮೆ ಚನ್ನಪಟ್ಟಣದಷ್ಟು ದೂರ. 2023ರಲ್ಲಿ ಪೀಟರ್ ಹಿಕ್‌ಮನ್ ಅದನ್ನು 17 ನಿಮಿಷದೊಳಗೆ ಮುಗಿಸಿದ. ಮನೆಗಳ ಕಾಂಪೌಂಡು, ಕಲ್ಲಿನ ಗೋಡೆಗಳ ನಡುವಿನ ಊರ ರಸ್ತೆಯಲ್ಲಿ. ಆ ರಸ್ತೆಯಲ್ಲಿ ಈವರೆಗೆ 250ಕ್ಕೂ ಹೆಚ್ಚು ಸವಾರರು ಜೀವ ಕಳೆದುಕೊಂಡಿದ್ದಾರೆ. ಚಿಕ್ಕ ಮಕ್ಕಳ ಜೊತೆ ಇದನ್ನು ನಾನು ನೇರ ಪ್ರಸಾರದಲ್ಲಿ ನೋಡುವುದಿಲ್ಲ.

ಜನವರಿಯಲ್ಲಿ ಮರುಭೂಮಿಯ ಡಕಾರ್ ರ್‍ಯಾಲಿ. ಕನ್ನಡಿಗರಿಗೆ ಇದರಷ್ಟು ಹತ್ತಿರದ ಅಂತರರಾಷ್ಟ್ರೀಯ ರೇಸ್ ಇನ್ನೊಂದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಮರುಭೂಮಿ ದಾಟಿ 36ನೆಯವರಾಗಿ ಮುಗಿಸಿದರು, ಡಕಾರ್ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ ಎರಡು ಸಲ ಗಾಯಗೊಂಡು ಹಿಂದಿರುಗಿ, ಮೂರನೇ ಯತ್ನದಲ್ಲಿ, 2019ರಲ್ಲಿ ಪೆರುವಿನಲ್ಲಿ 37ನೆಯವರಾಗಿ ಗುರಿ ಮುಟ್ಟಿದರು. ನಮ್ಮ ಅಮ್ಮಂದಿರು ಅವರನ್ನು ಗುರುತು ಹಿಡಿಯುವುದು ಬಿಗ್‌ಬಾಸ್‌ನಿಂದ. ಆ ನೆಪದಲ್ಲೇ ಡಕಾರ್ ವಿಡಿಯೋ ಹಾಕಿ ತೋರಿಸಿ. ಸಂತೋಷ್ 2021ರಲ್ಲಿ ಸೌದಿಯ ಮರಳಿನಲ್ಲಿ ಬಿದ್ದು ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಬೆಂಗಳೂರಿನ ಗ್ಯಾರೇಜ್‌ಗಳೆಲ್ಲ ಉಸಿರು ಬಿಗಿಹಿಡಿದಿದ್ದವು, ಅವರು ಚೇತರಿಸಿಕೊಂಡು ಬಂದರು. 2024ರಲ್ಲಿ ಕೇರಳದ ಹರಿತ್ ನೋವಾ ರ್‍ಯಾಲಿ 2 ತರಗತಿಯನ್ನೇ ಗೆದ್ದರು, ಒಟ್ಟಾರೆ ಹನ್ನೊಂದನೆಯವರಾಗಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರಾದರು. ಬೈಕ್ ಬೇಕೆಂದು ಕೇಳುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅವರ ಹೆಸರು ಗೊತ್ತಿರಬೇಕು.

ಡಕಾರನ್ನು ಮೋಟೋಜಿಪಿಯಂತೆ ಕೂತು ನೋಡಲಾಗದು. ನೂರಾರು ಕಿಲೋಮೀಟರ್ ಮರುಭೂಮಿಗೆ ಅಷ್ಟು ಕ್ಯಾಮೆರಾ ಎಲ್ಲಿಂದ ಬಂದೀತು? ಹಗಲೆಲ್ಲ ಅಧಿಕೃತ ಆ್ಯಪ್‌ನಲ್ಲಿ ಒಂದೊಂದು ಗುರುತಿನ ಜಾಗಕ್ಕೆ ಯಾರು ಎಷ್ಟು ಹೊತ್ತಿಗೆ ತಲುಪಿದರು ಎಂದು ನೋಡುತ್ತಿರಬೇಕು. ಒಬ್ಬನ ಹೆಸರು ಮುಂದಿನ ಗುರುತಿಗೆ ಬಾರದೆ ಇಪ್ಪತ್ತು ನಿಮಿಷ ಕಳೆದರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಊಟದ ಹೊತ್ತಿಗೆ ಆ ದಿನದ ಸಾರಾಂಶದ ವಿಡಿಯೋ ಬರುತ್ತದೆ.

ಮಕ್ಕಳ ಜೊತೆ ನೋಡುವಾಗ ಒಂದು ಮಾತು ಹೇಳಲೇಬೇಕು. ಮೋಟೋಜಿಪಿ ಪ್ರಸಾರದಲ್ಲಿ ಯಾರಾದರೂ ಜೋರಾಗಿ ಬಿದ್ದರೆ, ಸಾಮಾನ್ಯವಾಗಿ ಸವಾರನ ಸ್ಥಿತಿ ತಿಳಿಯುವವರೆಗೆ ರಿಪ್ಲೇ ತೋರಿಸುವುದಿಲ್ಲ. ಆ ಮೌನವನ್ನು ಮಕ್ಕಳಿಗೆ ವಿವರಿಸಿ. ಆ ಸೂಟಿನೊಳಗೆ ಏರ್‌ಬ್ಯಾಗ್ ಇದೆ, 2018ರಿಂದ ಅದು ಕಡ್ಡಾಯ, ಅದಕ್ಕೇ ಎದ್ದು ನಡೆಯುತ್ತಾರೆ ಎಂದು ಹೇಳಿ. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕ್‌ನಲ್ಲಿ ನಮ್ಮ ಊರಿನ 13 ವರ್ಷದ ಪ್ರತಿಭಾವಂತ ಹುಡುಗನೊಬ್ಬ ರೇಸ್ ನಡುವೆ ಬಿದ್ದು ತೀರಿಕೊಂಡ. ಎಲ್ಲ ರಕ್ಷಣೆಯೂ ಇರುವ ಟ್ರ್ಯಾಕ್‌ನಲ್ಲೇ ಹೀಗಾದೀತು ಎಂದ ಮೇಲೆ ರಾತ್ರಿ ರಿಂಗ್ ರೋಡಿನಲ್ಲಿ ಹೆಲ್ಮೆಟ್ ಇಲ್ಲದೆ ವ್ಹೀಲಿಂಗ್ ಮಾಡುವವನಿಗೆ ಏನಿದೆ ಆಸರೆ? ಇದನ್ನು ನಾನು ಆ ಗ್ಯಾರೇಜ್ ಹುಡುಗನಿಗೂ ಹೇಳಿದ್ದೇನೆ, ನನ್ನ ಮಗನಿಗೂ ಹೇಳಿದ್ದೇನೆ.

ಆ ಹುಡುಗ ಈಗ ಭಾನುವಾರ ನಮ್ಮ ಹಾಲಿಗೇ ಬರುತ್ತಾನೆ. ರೇಸ್ ಮುಗಿದ ಮೇಲೆ ಅಧಿಕೃತ ತಾಣದ ಫಲಿತಾಂಶ ವಿಭಾಗದಲ್ಲಿ ಪ್ರತಿ ಸವಾರನ ಪ್ರತಿ ಲ್ಯಾಪಿನ ಸಮಯ ಇರುವ ಪಿಡಿಎಫ್ ಹಾಕುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಅವನಿಗೆ ಒಮ್ಮೆ ತೋರಿಸಿದ್ದೆ. ಮುಂದಿನ ವಾರ ಬುರಿರಾಮ್‌ನ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಗ್ಯಾರೇಜ್ ಗೋಡೆಯ ಮೇಲೆ ಸ್ಪ್ಯಾನರ್ ನೇತುಹಾಕುವ ಹಲಗೆಯ ಪಕ್ಕ ಅಂಟಿಸಿದ್ದ. ಮಾರ್ಕ್ವೆಜ್ ಹೆಸರಿನ ಕೆಳಗೆ ಏಳನೇ ಲ್ಯಾಪಿನ ಸಮಯಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು.